ಹಳಿಯಾಳದ ಪ್ರೇಮ ಕಾದಂಬರಿ ಯಾರ ಕೈಗೆ?

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಕಡೆ ಪ್ರೇಮ ಕಾದಂಬರಿ ಬರೆಯುವ ಹೊಸಬರಿದ್ದಾರೆ. ಪದವಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು, ಖಾಸಗಿ ಶಾಲೆಯಲ್ಲಿ ಕಲಿಸುವವರು, ಮಿಲ್ಲಿನ ಪಾಳಿ ಮುಗಿಸಿ ಬಂದು ಮೊಬೈಲಿನಲ್ಲೇ ಅಧ್ಯಾಯ ಟೈಪು ಮಾಡುವ ಹುಡುಗರು. ಬರೆದು ಮುಗಿಸಿದವರ ಮುಂದೆ ಮೂರು ದಾರಿ ಕಾಣುತ್ತವೆ. ಕೈಯಿಂದ ದುಡ್ಡು ಹಾಕಿ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಅಚ್ಚು ಹಾಕಿಸುವುದು. ಪ್ರತಿಲಿಪಿಯಂಥ ಆ್ಯಪ್‌ನಲ್ಲಿ ಕಂತು ಕಂತಾಗಿ ಏರಿಸುವುದು. ಇಲ್ಲವೇ ಹಸ್ತಪ್ರತಿಯನ್ನು ಹಳೆಯ ಪ್ರಕಾಶನ ಸಂಸ್ಥೆಯೊಂದಕ್ಕೆ ಕಳಿಸಿ ಉತ್ತರಕ್ಕೆ ಕಾಯುವುದು. ಮೊದಲೆರಡರಲ್ಲಿ ಕೆಲಸ ಬೇಗ ಆಗುತ್ತದೆ. ಮೂರನೆಯದರಲ್ಲಿ ತಿಂಗಳುಗಟ್ಟಲೆ ಕಾಯಬೇಕು, ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಆದರೂ ಮೊದಲ ಕಾದಂಬರಿ ಬರೆದವರು ಮೊದಲು ಹಿಡಿಯಬೇಕಾದದ್ದು ಮೂರನೆಯ ದಾರಿಯನ್ನೇ ಎಂಬುದು ನನ್ನ ವಾದ. ಅದರಲ್ಲೂ ಪ್ರೇಮದ, ಸಂಸಾರದ ಕಾದಂಬರಿಗಳನ್ನು ಹತ್ತಾರು ವರ್ಷಗಳಿಂದ ಪ್ರಕಟಿಸುತ್ತ ಬಂದಿರುವ ಸಂಸ್ಥೆಯ ಬಾಗಿಲನ್ನು ತಟ್ಟಬೇಕು. ಈ ಮಾತಿಗೆ ಕೆಲವು ಷರತ್ತುಗಳೂ ಇವೆ. ಅವನ್ನು ಮುಚ್ಚಿಡದೆ ಹೇಳುತ್ತೇನೆ.

ಸ್ವಂತ ಖರ್ಚಿನ ಮುದ್ರಣದ ಲೆಕ್ಕವನ್ನು ಮೊದಲು ನೋಡೋಣ. ಡಿಟಿಪಿ, ಮುಖಪುಟ, ಕಾಗದ, ಅಚ್ಚು, ಬೈಂಡಿಂಗ್ ಎಲ್ಲ ಮುಗಿದು ಪುಸ್ತಕದ ಬಂಡಲ್‌ಗಳು ಮನೆಗೆ ಬಂದ ದಿನದಿಂದ ಲೇಖಕಿ ವ್ಯಾಪಾರಕ್ಕೆ ಇಳಿಯಬೇಕಾಗುತ್ತದೆ. ಬಿಡುಗಡೆಯ ದಿನ ನೆಂಟರು, ಸಹೋದ್ಯೋಗಿಗಳು, ಓಣಿಯವರು ಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಅಂಗಡಿಗೆ ಕೊಡಬೇಕು. ಅಂಗಡಿಯವರು ಮುಖಬೆಲೆಯ ಮೂರರಲ್ಲೊಂದು ಭಾಗವನ್ನೋ ಅದಕ್ಕೂ ಹೆಚ್ಚನ್ನೋ ಕಮಿಷನ್ ಕೇಳುತ್ತಾರೆ, ಅದೂ ಮಾರಿದ ಮೇಲೆ ಹಣ ಎಂಬ ಮಾತಿನ ಮೇಲೆ. ಹಳಿಯಾಳದಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಹೋಗಿ ಬರಬಹುದು. ಕಲಬುರಗಿಯ ಅಂಗಡಿಯಲ್ಲಿ ಐದು ಪ್ರತಿ ಹೋಗಿವೆಯೋ ಇಲ್ಲವೋ ಎಂದು ವಿಚಾರಿಸಲು ಯಾರು ಹೋಗುತ್ತಾರೆ? ಮೈಸೂರಿನ ಅಂಗಡಿಯ ಬಾಕಿಯನ್ನು ಯಾರು ವಸೂಲು ಮಾಡುತ್ತಾರೆ? ಉಳಿದ ಪ್ರತಿಗಳು ಮಂಚದ ಕೆಳಗೆ ಸೇರುತ್ತವೆ, ಎರಡನೆಯ ಕಾದಂಬರಿ ಹಿಂದೆ ಬೀಳುತ್ತದೆ. ಸೋತದ್ದು ಕಥೆಯೋ ಮಾರಾಟವೋ ಎಂಬುದು ಲೇಖಕಿಗೆ ಗೊತ್ತಾಗುವುದೇ ಇಲ್ಲ. ತಾನು ಬರೆದದ್ದು ಓದುಗರಿಗೆ ಹಿಡಿಸಲಿಲ್ಲ ಎಂದುಕೊಂಡು ಪೆನ್ನು ಕೆಳಗಿಡುತ್ತಾಳೆ. ಆ ಪುಸ್ತಕ ಓದುಗರ ಕಣ್ಣಿಗೇ ಬಿದ್ದಿರುವುದಿಲ್ಲ.

ಕನ್ನಡದಲ್ಲಿ ಸ್ವಂತ ಪ್ರಕಟಣೆಗೆ ದೊಡ್ಡ ಪರಂಪರೆ ಇದೆ, ಅದನ್ನು ಹಗುರವಾಗಿ ನೋಡುವಂತಿಲ್ಲ. ಹಾವೇರಿ ಕಡೆಯ ಗಳಗನಾಥರು ಐತಿಹಾಸಿಕ ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರು. ಉತ್ತರ ಕರ್ನಾಟಕದಲ್ಲಿ ಕನ್ನಡ ಓದುವ ಹವ್ಯಾಸ ಹುಟ್ಟಿದ್ದರಲ್ಲಿ ಆ ನಡಿಗೆಯ ಪಾಲು ದೊಡ್ಡದು. ನಂಜನಗೂಡಿನ ತಿರುಮಲಾಂಬಾ 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ಕಟ್ಟಿ ‘ಸುಶೀಲೆ’ಯನ್ನು ಹೊರತಂದರು. ಬಾಲವಿಧವೆಯೊಬ್ಬಳು ಮನೆಯಲ್ಲೇ ಕೂತು ಕಾದಂಬರಿ ಬರೆದು, ಪ್ರಕಾಶಕಿಯಾಗಿ, ಪತ್ರಿಕೆಯ ಸಂಪಾದಕಿಯೂ ಆದಳು. ಈ ಸಾಹಸವನ್ನು ನೆನೆದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಆದರೆ ಮುಂದೇನಾಯಿತು ಎಂಬುದನ್ನೂ ನೋಡಬೇಕು. ತಿರುಮಲಾಂಬಾ ಬರವಣಿಗೆಯಿಂದ ದೂರ ಸರಿದ ಮೇಲೆ ಅವರ ಪುಸ್ತಕಗಳನ್ನು ಮತ್ತೆ ಮತ್ತೆ ಅಚ್ಚು ಹಾಕಿ ಅಂಗಡಿಯಲ್ಲಿಡುವ ಸಂಸ್ಥೆ ಉಳಿಯಲಿಲ್ಲ. ಅವರು 1982ರವರೆಗೆ ಬದುಕಿದ್ದರು. ಬಹುಕಾಲ ಕನ್ನಡದ ಓದುಗರು ಅವರನ್ನು ಮರೆತೇ ಇದ್ದರು. ಲೇಖಕಿಯೇ ಪ್ರಕಾಶಕಿಯಾದರೆ ಆಕೆ ದಣಿದ ದಿನವೇ ಪುಸ್ತಕಕ್ಕೂ ಆಸರೆ ತಪ್ಪುತ್ತದೆ. ಅಂದಿನ ಹೆಂಗಸರಿಗೆ ಬೇರೆ ದಾರಿ ಇರಲಿಲ್ಲ. ಇಂದಿನವರಿಗೆ ಇದೆ.

ಪ್ರಕಾಶನ ಸಂಸ್ಥೆಯೊಂದು ಹೊಸ ಲೇಖಕನಿಗೆ ಏನು ಮಾಡಬಲ್ಲದು ಎಂಬುದನ್ನು ತಿಳಿಯಲು ಹಳಿಯಾಳದವರು ದೂರ ಹೋಗಬೇಕಿಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಆರಂಭವಾಯಿತು. ಜಡಭರತ ಎಂಬ ಹೆಸರಿನಲ್ಲಿ ನಾಟಕ ಬರೆಯುತ್ತಿದ್ದ ಜಿ.ಬಿ. ಜೋಶಿ ಅದರ ಬೆನ್ನೆಲುಬು. ಹಸ್ತಪ್ರತಿಗಳನ್ನು ಓದಿ ತೂಗುವ ಕೆಲಸಕ್ಕೆ ಕೀರ್ತಿನಾಥ ಕುರ್ತಕೋಟಿಯಂಥ ವಿಮರ್ಶಕರಿದ್ದರು. ಚಂದಾದಾರರನ್ನು ಮೊದಲೇ ಕೂಡಿಸಿಕೊಂಡು ವರ್ಷ ವರ್ಷವೂ ಪುಸ್ತಕ ಕಳಿಸುವುದು ಅದರ ಪದ್ಧತಿ. ಹೊಸ ಲೇಖಕನ ಹೆಸರು ಕೇಳಿರದ ಓದುಗನೂ ಮಾಲೆಯ ಮೇಲಿನ ನಂಬಿಕೆಯಿಂದ ಪುಸ್ತಕ ಬಿಚ್ಚುತ್ತಿದ್ದ. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಹೊರಬಂದದ್ದು ಆ ಮಾಲೆಯಲ್ಲಿ. ‘ಯಯಾತಿ’ ಬರೆದಾಗ ಕಾರ್ನಾಡರು ಇಪ್ಪತ್ತರ ಹರೆಯದಲ್ಲಿದ್ದರು. ಸುಭಾಸ ರಸ್ತೆಯಲ್ಲಿ ‘ಅಟ್ಟ’ ಎಂದೇ ಕರೆಯುವ ಗ್ರಂಥಮಾಲೆಯ ಕಚೇರಿಯಲ್ಲಿ ನಡೆದದ್ದು ಪುಸ್ತಕದ ವ್ಯಾಪಾರಕ್ಕಿಂತ ಹೆಚ್ಚಾಗಿ ಓದು, ಚರ್ಚೆ, ತಿದ್ದುವಿಕೆ.

ಅದೇ ಕಾಲದ ಧಾರವಾಡದ ಗಾಳಿಯಲ್ಲಿ ಬೆಳೆದವರು ಶಾಂತಿನಾಥ ದೇಸಾಯಿ. 1929ರಲ್ಲಿ ಹುಟ್ಟಿದ್ದು ಇದೇ ಹಳಿಯಾಳದಲ್ಲಿ. ಇಂಗ್ಲಿಷ್ ಅಧ್ಯಾಪಕರಾಗಿ ಕೊಲ್ಹಾಪುರದಲ್ಲಿ ಕಲಿಸಿದರು, ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, ‘ಓಂ ಣಮೋ’ ಕಾದಂಬರಿಗೆ ಮರಣಾನಂತರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಮೊದಲ ಕಾದಂಬರಿ ‘ಮುಕ್ತಿ’ಯ (1961) ವಸ್ತು ತರುಣನೊಬ್ಬನ ಪ್ರೇಮ, ಕಾಮ, ಬಿಡುಗಡೆಯ ಹಂಬಲ. ಅದನ್ನು ನವ್ಯ ಕಾದಂಬರಿ ಎಂದು ಓದುತ್ತೇವೆ, ಪ್ರೇಮ ಕಾದಂಬರಿ ಎಂದು ಯಾರೂ ಕರೆಯುವುದಿಲ್ಲ. ಆದರೆ ಹಳಿಯಾಳದಲ್ಲಿ ಹುಟ್ಟಿದವರು ಗಂಡು ಹೆಣ್ಣಿನ ಸಂಬಂಧವನ್ನು ಹಿಡಿದು ಬರೆದದ್ದು ಗಂಭೀರ ಓದಿಗೆ ಸಿಕ್ಕಿತು, ಅರವತ್ತು ವರ್ಷದ ಮೇಲೂ ಚರ್ಚೆಯಲ್ಲಿ ಉಳಿಯಿತು. ಬರಹ ಚೆನ್ನಾಗಿತ್ತು, ನಿಜ. ಚೆನ್ನಾದ ಬರಹವನ್ನು ಗುರುತಿಸಿ, ಪ್ರಶ್ನಿಸಿ, ಓದುಗರಿಗೆ ಮುಟ್ಟಿಸುವ ಪ್ರಕಾಶಕರು, ವಿಮರ್ಶಕರು, ಪತ್ರಿಕೆಗಳು ಒಂದೇ ಊರಿನಲ್ಲಿ ನೆರೆದಿದ್ದವು ಎಂಬುದೂ ಅಷ್ಟೇ ನಿಜ.

ಜನಪ್ರಿಯ ಪ್ರೇಮ ಕಾದಂಬರಿಯ ಕತೆ ಮಾತ್ರ ಬೇರೆ. ಇಲ್ಲಿ ಇಂಗ್ಲಿಷಿನ ಒಂದು ಉದಾಹರಣೆ ನೆರವಿಗೆ ಬರುತ್ತದೆ. ಮಿಲ್ಸ್ ಆ್ಯಂಡ್ ಬೂನ್ 1908ರಲ್ಲಿ ಲಂಡನ್ನಿನಲ್ಲಿ ಆರಂಭವಾದಾಗ ಎಲ್ಲ ಬಗೆಯ ಪುಸ್ತಕಗಳನ್ನೂ ಪ್ರಕಟಿಸುತ್ತಿತ್ತು; ಜಾಕ್ ಲಂಡನ್‌ನ ಪುಸ್ತಕಗಳೂ ಅದರ ಪಟ್ಟಿಯಲ್ಲಿದ್ದವು. 1930ರ ದಶಕದಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಗ್ರಂಥಾಲಯಗಳಲ್ಲಿ ಹೆಂಗಸರು ಏನನ್ನು ಓದುತ್ತಿದ್ದಾರೆ ಎಂಬುದನ್ನು ಗಮನಿಸಿ ಪ್ರೇಮ ಕಾದಂಬರಿಯೊಂದನ್ನೇ ಹಿಡಿಯಿತು. 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಅದನ್ನು ಕೊಂಡಿತು, 2008ರಲ್ಲಿ ಭಾರತಕ್ಕೇ ಬಂದು ಪ್ರಕಟಿಸತೊಡಗಿತು. ಹುಬ್ಬಳ್ಳಿ, ಧಾರವಾಡದ ಹಳೆ ಪುಸ್ತಕದ ಅಂಗಡಿಗಳಿಗೆ ಅದರ ಪುಸ್ತಕಗಳು ಎಷ್ಟೋ ಮೊದಲೇ ಬಂದಿದ್ದವು. ಕಾಲೇಜಿನ ಹುಡುಗಿಯರು ಅಂಗಡಿಯಲ್ಲಿ ಕೇಳುತ್ತಿದ್ದುದು ಪ್ರಕಾಶಕರ ಹೆಸರನ್ನು. ಬರೆದವರು ಯಾರು ಎಂಬುದನ್ನು ಆಮೇಲೆ, ಮನಸ್ಸಿದ್ದರೆ, ನೋಡುತ್ತಿದ್ದರು. ಹೊಸ ಲೇಖಕಿಗೆ ಇದು ದೊಡ್ಡ ಆಶ್ರಯ. ಆಕೆಯ ಮೊದಲ ಪುಸ್ತಕ ಹೊರಬರುವ ದಿನವೇ ಅದಕ್ಕೆ ಕಾದಿರುವ ಓದುಗರಿರುತ್ತಾರೆ. ಇದಕ್ಕೆ ಬೆಲೆಯೂ ಇದೆ: ಹೆಸರು ಸಂಸ್ಥೆಯದಾಗುತ್ತದೆ, ಲೇಖಕಿ ಅದರ ನೆರಳಿನಲ್ಲಿ ಉಳಿಯುತ್ತಾಳೆ.

ಕನ್ನಡದಲ್ಲಿ ಆದದ್ದು ಇದಕ್ಕೆ ಉಲ್ಟಾ. ಗ್ರಂಥಾಲಯದಲ್ಲಿ ನಮ್ಮ ಓದುಗರು ಕೇಳಿದ್ದು ತ್ರಿವೇಣಿ ಇದೆಯಾ, ವಾಣಿ ಇದೆಯಾ, ಉಷಾ ನವರತ್ನರಾಂ ಇದೆಯಾ, ಸಾಯಿಸುತೆಯದು ಹೊಸದು ಬಂದಿದೆಯಾ ಎಂದು. ಪ್ರಕಾಶಕರ ಹೆಸರನ್ನು ಯಾರೂ ಕೇಳಲಿಲ್ಲ. ತಮಿಳಿನಲ್ಲಿ ರಮಣಿಚಂದ್ರನ್ ಅವರ ಪ್ರೇಮ ಕಾದಂಬರಿಗಳೆಂದರೆ ಅರುಣೋದಯಂ ಎಂಬ ಪ್ರಕಾಶನವೂ ಓದುಗರ ನೆನಪಿಗೆ ಬರುತ್ತದೆ. ತೆಲುಗಿನಲ್ಲಿ ಎಮೆಸ್ಕೊ ಸಂಸ್ಥೆ ಮನೆಮನೆಗೆ ಗ್ರಂಥಾಲಯ ಎಂಬ ಯೋಜನೆಯಿಂದ ಅಗ್ಗದ ಕಾದಂಬರಿಗಳನ್ನು ಚಂದಾದಾರರ ಮನೆಗೇ ಕಳಿಸಿತು. ನಮ್ಮಲ್ಲಿ ಆ ಕೆಲಸವನ್ನು ಮಾಡಿದ್ದು ವಾರಪತ್ರಿಕೆಗಳು: ‘ಪ್ರಜಾಮತ’, 1965ರಿಂದ ‘ಸುಧಾ’, 1983ರಿಂದ ‘ತರಂಗ’. ಕಾದಂಬರಿ ಧಾರಾವಾಹಿಯಾಗಿ ಬರುವ ಮೊದಲೇ ಸಂಪಾದಕರು ಓದುತ್ತಿದ್ದರು, ಉದ್ದವಾದದ್ದನ್ನು ಕತ್ತರಿಸುತ್ತಿದ್ದರು, ಪ್ರತಿ ವಾರದ ಕಂತು ಎಲ್ಲಿ ನಿಲ್ಲಬೇಕು ಎಂದು ಲೇಖಕಿಗೆ ಕಲಿಸುತ್ತಿದ್ದರು. ಹಳಿಯಾಳದಂಥ ಊರಿನ ಬಸ್ ನಿಲ್ದಾಣದ ಪುಸ್ತಕದಂಗಡಿಗೆ ಪತ್ರಿಕೆ ಬಂದ ದಿನವೇ ಕಥೆಯೂ ಬಂತು. ಆಮೇಲೆ ಅದೇ ಕಾದಂಬರಿ ಪುಸ್ತಕವಾದಾಗ ಪ್ರಕಾಶಕರಿಗೆ ಸಿದ್ಧ ಓದುಗರು ಸಿಕ್ಕುತ್ತಿದ್ದರು. ತ್ರಿವೇಣಿ 1953ರ ‘ಅಪಸ್ವರ’ದಿಂದ 1963ರಲ್ಲಿ ತೀರಿಕೊಳ್ಳುವವರೆಗಿನ ಒಂದೇ ದಶಕದಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದರು. ಎಂ.ಕೆ. ಇಂದಿರಾ ನಲವತ್ತು ದಾಟಿದ ಮೇಲೆ ಬರೆಯತೊಡಗಿ, ‘ತುಂಗಭದ್ರಾ’ದಿಂದ ‘ಫಣಿಯಮ್ಮ’ದವರೆಗೆ ನಡೆದರು. ಮನೆಗೆಲಸದ ನಡುವೆ ಬರೆದ ಈ ಹೆಂಗಸರು ತಮ್ಮ ಪುಸ್ತಕದ ಬಂಡಲ್‌ಗಳನ್ನೂ ತಾವೇ ಹೊತ್ತು ಮಾರಬೇಕಾಗಿದ್ದರೆ ಇಷ್ಟು ಬರೆಯುವುದು ಸಾಧ್ಯವಿತ್ತೇ?

ಆ ವಾರಪತ್ರಿಕೆಗಳ ಕಾಲ ಕುಗ್ಗಿದೆ. ಧಾರಾವಾಹಿಗೆ ಕೊಡುವ ಪುಟಗಳು ಕಡಿಮೆಯಾಗಿವೆ, ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಚಿಪ್ಸ್, ನೀರಿನ ಬಾಟಲಿಗಳಿಗೇ ಹೆಚ್ಚು ಜಾಗ. ಹೊಸಬರನ್ನು ಓದಿ, ತಿದ್ದಿ, ಓದುಗರಿಗೆ ಪರಿಚಯಿಸುವ ಆ ಹೊಣೆ ಈಗ ಯಾರ ಮೇಲಿದೆ? ಆ್ಯಪ್‌ಗಳು ತಾವು ಹೊತ್ತಿದ್ದೇವೆ ಎನ್ನುತ್ತವೆ. ಪ್ರತಿಲಿಪಿ 2014ರಲ್ಲಿ ಆರಂಭವಾದಾಗಿನಿಂದ ಕನ್ನಡದಲ್ಲಿ ಪ್ರೇಮಕಥೆ ಬರೆಯುವವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಬೆಳೆದಿದೆ, ಇದು ಒಳ್ಳೆಯದೇ. ಮುಂಡಗೋಡದ ಹುಡುಗಿ ಸಂಜೆ ಹಾಕಿದ ಕಂತಿಗೆ ಬೆಳಗಾಗುವುದರೊಳಗೆ ದಾವಣಗೆರೆಯಿಂದಲೂ ದುಬೈಯಿಂದಲೂ ಪ್ರತಿಕ್ರಿಯೆ ಬರುತ್ತದೆ. ಯಾರೂ ಓದುತ್ತಿಲ್ಲ ಎಂಬ ಹೊಸ ಲೇಖಕರ ಅತಿ ದೊಡ್ಡ ಸಂಕಟ ಅಲ್ಲಿ ಕರಗುತ್ತದೆ. ಆದರೆ ಆ ಪ್ರತಿಕ್ರಿಯೆಗಳನ್ನು ಸಾಲಾಗಿ ಓದಿ ನೋಡಿ: ಸೂಪರ್, ಮುಂದಿನ ಭಾಗ ಬೇಗ ಹಾಕಿ, ನಾಯಕನನ್ನು ಸಾಯಿಸಬೇಡಿ. ಪ್ರೀತಿಯಿಂದ ಬಂದ ಮಾತುಗಳು, ಆದರೆ ಹನ್ನೆರಡನೆಯ ಅಧ್ಯಾಯದಲ್ಲಿ ನಾಯಕಿಯ ಸ್ವಭಾವವೇ ಬದಲಾಗಿಬಿಟ್ಟಿದೆ, ಯಾಕೆ ಎಂದು ಕೇಳುವವರು ಅಲ್ಲಿಲ್ಲ. ಬದಲಿಗೆ ಕಥೆ ಮುಗಿಸಬಾರದು ಎಂಬ ಒತ್ತಾಯ ಬರುತ್ತದೆ. ನಲವತ್ತು ಕಂತಿಗೆ ಮುಗಿಯಬೇಕಾದದ್ದು ಇನ್ನೂರು ಕಂತಿಗೆ ಎಳೆಯುತ್ತದೆ. ಬೇಗ ಬರೆಯುವ ಕೈ ಪಳಗುತ್ತದೆ, ಕಥೆಯನ್ನು ಬಿಗಿಯಾಗಿ ಕಟ್ಟುವ ಕೈ ಪಳಗುವುದಿಲ್ಲ.

ನನ್ನ ವಾದದ ತಿರುಳು ಇಲ್ಲಿದೆ. ಪ್ರೇಮ ಕಾದಂಬರಿಯನ್ನು ಬಹುಕಾಲದಿಂದ ಪ್ರಕಟಿಸುತ್ತ ಬಂದ ಸಂಸ್ಥೆಯಲ್ಲಿ ಕೂತವರು ನೂರಾರು ಪ್ರೇಮಕಥೆಗಳನ್ನು ಹಸ್ತಪ್ರತಿಯಲ್ಲೇ ಓದಿರುತ್ತಾರೆ. ಶ್ರೀಮಂತನ ಮಗ, ಬಡವರ ಮಗಳು, ಅಪಘಾತ, ಮರೆವು, ಕೊನೆಯಲ್ಲಿ ಆಸ್ಪತ್ರೆ ಎಂಬ ದಾರಿಯನ್ನು ಎಷ್ಟು ಜನ ತುಳಿದಿದ್ದಾರೆ ಎಂಬುದು ಅವರಿಗೆ ಗೊತ್ತು. ಹೊಸ ಲೇಖಕಿಗೆ ಅದು ತನಗೇ ಹೊಳೆದ ತಿರುವಿನಂತೆ ಕಾಣುತ್ತದೆ. ಪ್ರೇಮಿಗಳ ನಡುವಿನ ಅಡ್ಡಿ ಅವರಿಬ್ಬರ ಸ್ವಭಾವದಿಂದಲೇ ಹುಟ್ಟಬೇಕು, ಹೊರಗಿನಿಂದ ತಂದು ಹಾಕಿದರೆ ಓದುಗರು ನಂಬುವುದಿಲ್ಲ ಎಂಬುದನ್ನು ಪಳಗಿದ ಸಂಪಾದಕರು ಒಂದು ಪತ್ರದಲ್ಲಿ ಹೇಳಿಬಿಡುತ್ತಾರೆ. ತಾವಾಗಿ ಕಲಿಯಹೊರಟರೆ ಐದು ಕಾದಂಬರಿ ಹಾಳಾಗಬೇಕಾಗುತ್ತದೆ.

ಇಂಥ ಪಾಠ ಬೇರೆಲ್ಲಿ ಸಿಗುತ್ತದೆ ಎಂದು ಹುಡುಕಿ ನೋಡಿ. ವಿಶ್ವವಿದ್ಯಾಲಯದ ಕನ್ನಡ ತರಗತಿಯಲ್ಲಿ ಸಿಗುವುದಿಲ್ಲ. ತ್ರಿವೇಣಿಯವರ ಕಾಲದಿಂದಲೂ ಹೆಂಗಸರು ಬರೆದ ಕಾದಂಬರಿಗಳಿಗೆ ‘ಅಡುಗೆಮನೆ ಸಾಹಿತ್ಯ’ ಎಂಬ ಹಣೆಪಟ್ಟಿ ಹಚ್ಚಿ ಪಕ್ಕಕ್ಕಿಟ್ಟವರು ನಾವು. ಸಾಹಿತ್ಯ ಚರಿತ್ರೆಗಳಲ್ಲಿ ಅವರಿಗೆ ಸಿಕ್ಕಿದ್ದು ಒಂದೆರಡು ಪ್ಯಾರಾ. ನವ್ಯ ಕತೆ ಬರೆಯುವ ಹುಡುಗನಿಗೆ ವಿಮರ್ಶೆಯ ಪುಸ್ತಕಗಳು, ಕಮ್ಮಟಗಳು, ಸ್ಪರ್ಧೆಗಳು, ಹಿರಿಯರ ಮುನ್ನುಡಿಗಳು ಎಲ್ಲ ಇವೆ. ಪ್ರೇಮ ಕಾದಂಬರಿ ಬರೆಯುವ ಹುಡುಗಿಗೆ ಅಂಥದೇನೂ ಇಲ್ಲ. ಲಕ್ಷಾಂತರ ಹೆಂಗಸರು ಪ್ರೀತಿಯಿಂದ ಓದಿದ ಒಂದು ಪ್ರಕಾರವನ್ನು ಹೇಗೆ ಚೆನ್ನಾಗಿ ಬರೆಯಬೇಕು ಎಂದು ಕಲಿಸುವ ಜಾಗವನ್ನೇ ಕನ್ನಡ ಕಟ್ಟಲಿಲ್ಲ. ಇದು ಅನ್ಯಾಯ. ಈ ಅನ್ಯಾಯದ ನಡುವೆ ಆ ಕಸುಬಿನ ಅರಿವು ಉಳಿದಿರುವುದು ಇಂಥ ಕಾದಂಬರಿಗಳನ್ನು ಮರುಮುದ್ರಿಸುತ್ತ, ಮಾರುತ್ತ ಬಂದ ಪ್ರಕಾಶಕರ ಬಳಿ, ಪತ್ರಿಕೆಗಳ ಹಳೆಯ ಸಂಪಾದಕರ ಬಳಿ. ಹತ್ತು ವರ್ಷದ ಹಿಂದಿನ ಯಾವ ಕಾದಂಬರಿಯನ್ನು ಇಂದಿಗೂ ಕೇಳಿಕೊಂಡು ಬರುತ್ತಾರೆ, ಯಾವುದು ಮೊದಲ ಆವೃತ್ತಿಗೇ ನಿಂತಿತು ಎಂಬ ಲೆಕ್ಕ ಅವರ ಬಾಯಲ್ಲೇ ಇರುತ್ತದೆ. ವಿಮರ್ಶಕರಿಗೆ ಬೇಡವಾದ ಆ ತಿಳಿವಳಿಕೆ ಹೊಸ ಲೇಖಕರಿಗೆ ಬೇಕೇ ಬೇಕು.

ನಮ್ಮ ಭಾಗದ ಬರಹಗಾರರಿಗೆ ಇನ್ನೊಂದು ಸಂಗತಿ ಮುಖ್ಯ. ಹಳಿಯಾಳದಲ್ಲಿ ಮನೆಯೊಳಗೆ ಮರಾಠಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಎರಡೂ ಸೇರಿ ಉರ್ದುವಿನ ಬೆರಕೆ. ಜೋಯಿಡಾದ ಕುಣಬಿಗಳದು ಕೊಂಕಣಿ. ಸಿದ್ದಿಗಳ ಮನೆಮಾತಿನಲ್ಲೂ ಕೊಂಕಣಿ ಹೆಚ್ಚು. ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು ಬಂದ ಮೇಲೆ ನಾನಾ ರಾಜ್ಯದವರು ಬಂದು ನೆಲೆಸಿದರು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ನೆಲೆ ಇದೆ. ಇಷ್ಟು ಜನ ಹತ್ತಿರ ಹತ್ತಿರ ಬದುಕುವ ಕಡೆ ಪ್ರೇಮಕಥೆಗೆ ಬರವಿಲ್ಲ. ಉಳವಿ ಜಾತ್ರೆಗೆ ಧಾರವಾಡ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವವರ ಸಾಲು, ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳಿಂದ ಎದ್ದು ಬಂದ ಕುಟುಂಬಗಳು, ಮಿಲ್ಲಿನ ಪಾಳಿಗೆ ತಕ್ಕಂತೆ ಭೇಟಿಯಾಗುವ ಗಂಡು ಹೆಣ್ಣುಗಳು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಪ್ರೇಮಕಥೆಗಳನ್ನು ಓದಿ ಓದಿ ನಮ್ಮವರೂ ಅದನ್ನೇ ಬರೆಯುತ್ತಿರುವುದು ನನಗೆ ನೋವಿನ ವಿಷಯ. ಪ್ರೇಮಿಗಳ ನಡುವೆ ಮಾತು ತಪ್ಪಿಹೋಗುವುದಕ್ಕೆ ಇಂದಿನ ಕಾದಂಬರಿಕಾರರು ಕಾರಣ ಹುಡುಕಿ ದಣಿಯುತ್ತಾರೆ, ಎಲ್ಲರ ಕೈಯಲ್ಲೂ ಫೋನಿದೆ. ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ನೆಟ್‌ವರ್ಕ್ ಸಿಗುವುದಿಲ್ಲ. ಗುಡ್ಡ ಹತ್ತಿ ನಿಂತರೆ ಮಾತ್ರ ಕರೆ ಹೋಗುತ್ತದೆ. ಅಲ್ಲಿನ ಲೇಖಕಿಗೆ ಈ ಕಾರಣ ಬದುಕಿನಲ್ಲೇ ಸಿಕ್ಕಿದೆ.

ಇಂಥ ಕಥೆಗೆ ಯಾವ ಕನ್ನಡ ಬೇಕು, ಸಂಭಾಷಣೆಯಲ್ಲಿ ಮರಾಠಿ ಎಷ್ಟಿರಬೇಕು, ಮಂಡ್ಯದ ಓದುಗರಿಗೆ ಅರ್ಥವಾಗುವಂತೆ ಹೇಗೆ ಇಡಬೇಕು ಎಂಬುದನ್ನು ಒಬ್ಬರೇ ಕೂತು ತೀರ್ಮಾನಿಸುವುದು ಕಷ್ಟ. ಉತ್ತರ ಕರ್ನಾಟಕದ ಮಾತನ್ನು ಅಚ್ಚಿನಲ್ಲಿ ನೋಡಿ ರೂಢಿಯಿರುವ ಪ್ರಕಾಶಕರು ಇದ್ದರೆ ಅರ್ಧ ಕೆಲಸ ಆದಂತೆ. ಕೆಲವರು ಎಲ್ಲವನ್ನೂ ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿಬಿಡುತ್ತಾರೆ. ಅಂಥವರ ಹತ್ತಿರ ಹೋಗಬೇಡಿ. ಸಂಸ್ಥೆ ಎಷ್ಟು ಹಳೆಯದು ಎಂಬುದರ ಜೊತೆಗೆ ಅದು ಪ್ರಕಟಿಸಿದ ಮೂರು ನಾಲ್ಕು ಪುಸ್ತಕಗಳನ್ನು ಓದಿ ನೋಡುವುದೂ ಅಗತ್ಯ. ಲೇಖಕಿಯರ ಧ್ವನಿ ಒಬ್ಬೊಬ್ಬರದು ಬೇರೆ ಬೇರೆಯಾಗಿ ಕೇಳುತ್ತಿದೆಯೇ? ತಪ್ಪಿಲ್ಲದೆ ಅಚ್ಚಾಗಿದೆಯೇ? ಎರಡನೆಯ, ಮೂರನೆಯ ಆವೃತ್ತಿಗಳು ಬಂದಿವೆಯೇ?

ಈಗ ಷರತ್ತುಗಳು. ಲೇಖಕರಿಂದಲೇ ಹಣ ಪಡೆದು ಪುಸ್ತಕ ಮಾಡಿಕೊಡುವವರು ಎಷ್ಟೇ ಹಳಬರಾದರೂ ನಾನು ಹೇಳುತ್ತಿರುವ ಅರ್ಥದಲ್ಲಿ ಪ್ರಕಾಶಕರಲ್ಲ. ತನ್ನ ಹಣವನ್ನು ಪಣಕ್ಕಿಟ್ಟವನಿಗೆ ಮಾತ್ರ ಪುಸ್ತಕ ಮಾರಬೇಕೆಂಬ ತುರ್ತು ಇರುತ್ತದೆ. ಲೇಖಕಿಯ ಹಣ ಮೊದಲೇ ಬಂದಿದ್ದರೆ ಅಚ್ಚು ಹಾಕಿದ ದಿನವೇ ಅವನ ಲಾಭ ಮುಗಿಯಿತು. ಹಾಗೆಯೇ ಗೌರವ ಪ್ರತಿ ಕೊಡುತ್ತೇವೆ, ಬೇರೇನೂ ಕೇಳಬೇಡಿ ಎನ್ನುವ ಬಾಯಿಮಾತಿನ ಒಪ್ಪಂದಗಳೂ ನಮ್ಮಲ್ಲಿ ಬಹಳ. ಇದನ್ನು ಒಪ್ಪಬಾರದು, ಒಪ್ಪುವ ಅಗತ್ಯವೂ ಇಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆ ಲೇಖಕರ ಪರವಾಗಿಯೇ ಇದೆ, ಓದುವವರು ಕಡಿಮೆ ಅಷ್ಟೆ. ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು ಸಹಿಯಾಗಿರಬೇಕು, ಬಾಯಿಮಾತಿಗೆ ಬೆಲೆಯಿಲ್ಲ. ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ರಾಯಲ್ಟಿ ಎಷ್ಟು ಎಂಬುದು ಅದರಲ್ಲಿರಬೇಕು. ಅವಧಿ ಹೇಳದಿದ್ದರೆ ಐದು ವರ್ಷ ಎಂದೇ ಅರ್ಥ. ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಪಡೆದ ಹಕ್ಕನ್ನು ಪ್ರಕಾಶಕರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಅದು ಲೇಖಕರಿಗೆ ಮರಳುತ್ತದೆ. ಹಕ್ಕು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ, ಅದನ್ನು ತನ್ನ ಹೆಸರಿಗೆ ಕುಂದಾಗುವಂತೆ ತಿರುಚಿದರೆ ತಡೆಯುವ ಅಧಿಕಾರ ಲೇಖಕಿಯಲ್ಲೇ ಉಳಿಯುತ್ತದೆ. ಸಿನಿಮಾ, ಧಾರಾವಾಹಿ, ಆಡಿಯೊ, ಅನುವಾದದ ಹಕ್ಕುಗಳನ್ನು ಪುಸ್ತಕದ ಹಕ್ಕಿನ ಜೊತೆ ಕಟ್ಟಿಕೊಡಬೇಡಿ. ತ್ರಿವೇಣಿಯವರ ಕಾದಂಬರಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ‘ಬೆಳ್ಳಿಮೋಡ’ (1967) ಚಿತ್ರವಾಯಿತು. ವಾಣಿಯವರ ‘ಎರಡು ಕನಸು’, ಉಷಾ ನವರತ್ನರಾಂ ಅವರ ‘ಹೊಂಬಿಸಿಲು’ ಕೂಡ ತೆರೆಗೆ ಬಂದವು. ಕನ್ನಡದಲ್ಲಿ ಪ್ರೇಮ ಕಾದಂಬರಿಗೆ ಪುಸ್ತಕದ ಆಚೆಗೂ ಬೆಲೆ ಬಂದಿದೆ, ಮುಂದೆಯೂ ಬರಬಹುದು.

ಈ ಹಕ್ಕು ಎಷ್ಟು ದೀರ್ಘವಾದದ್ದು ಎಂಬುದಕ್ಕೆ ತ್ರಿವೇಣಿಯವರೇ ಸಾಕ್ಷಿ. ಕೃತಿಸ್ವಾಮ್ಯ ಲೇಖಕರ ಜೀವಿತಾವಧಿಯ ನಂತರ ಅರವತ್ತು ವರ್ಷ ಇರುತ್ತದೆ. 1963ರಲ್ಲಿ ತೀರಿಕೊಂಡ ಅವರ ಕೃತಿಗಳ ಹಕ್ಕು 2023ರ ಕೊನೆಗೆ ಮುಗಿದು, 2024ರ ಜನವರಿ 1ರಿಂದ ಅವು ಎಲ್ಲರ ಸ್ವತ್ತಾದವು. ಇಂದು ಇಪ್ಪತ್ತೈದರ ಲೇಖಕಿ ಎಂಬತ್ತೈದರವರೆಗೆ ಬಾಳಿದರೆ ಆಕೆಯ ಮೊದಲ ಕಾದಂಬರಿಯ ಹಕ್ಕು ನೂರಿಪ್ಪತ್ತು ವರ್ಷ ಜೀವಂತವಾಗಿರುತ್ತದೆ. ಅಷ್ಟು ಬಾಳುವ ಸ್ವತ್ತನ್ನು ಎರಡು ಸಾಲಿನ ಚೀಟಿಯ ಮೇಲೆ ಯಾರಿಗೂ ಬರೆದುಕೊಡಬಾರದು.

ಹಣದ ಮಾತನ್ನೂ ನೇರವಾಗಿ ಹೇಳಬೇಕು. ಇನ್ನೂರು ರೂಪಾಯಿಯ ಪುಸ್ತಕಕ್ಕೆ ಶೇಕಡ ಹತ್ತರ ರಾಯಲ್ಟಿ ಎಂದರೆ, ಸಾವಿರ ಪ್ರತಿಯೂ ಮಾರಾಟವಾದಾಗ ಇಪ್ಪತ್ತು ಸಾವಿರ ರೂಪಾಯಿ. ವರ್ಷಗಟ್ಟಲೆ ಬರೆದದ್ದಕ್ಕೆ ಇದು ಬಹಳ ಕಡಿಮೆ. ಸ್ವಂತ ಪ್ರಕಟಣೆಯಲ್ಲಿ ಕಾಗದದ ಮೇಲಿನ ಲಾಭ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಪ್ರಕಾಶಕರ ವಿರುದ್ಧ ಎದುರಾಳಿಗಳು ಹೂಡುವ ಗಟ್ಟಿ ವಾದವೂ ಇದೇ. ನಾನು ಅದನ್ನು ತಳ್ಳಿಹಾಕುವುದಿಲ್ಲ. ಈಗಾಗಲೇ ಹೆಸರು ಮಾಡಿ, ತಮ್ಮದೇ ಓದುಗರನ್ನು ಸಂಪಾದಿಸಿಕೊಂಡ ಲೇಖಕರು ತಾವೇ ಪ್ರಕಟಿಸಿದರೆ ನಾಲ್ಕು ಕಾಸು ಹೆಚ್ಚೇ ಸಿಕ್ಕೀತು. ಮೊದಲ ಪುಸ್ತಕದವರಿಗೆ ಆ ಲೆಕ್ಕ ಕೂಡುವುದಿಲ್ಲ. ಅವರಿಗೆ ಓದುಗರೇ ಇನ್ನೂ ಇಲ್ಲ. ಸಂಸ್ಥೆಯ ಮೇಲಿನ ನಂಬಿಕೆಯಿಂದ ಅಪರಿಚಿತರ ಮೊದಲ ಪುಸ್ತಕ ಓಡುತ್ತದೆ ಎಂಬುದನ್ನು ವಸುಧೇಂದ್ರರ ಛಂದ ಪುಸ್ತಕ ನಮ್ಮ ಕಾಲದಲ್ಲೇ ತೋರಿಸಿಕೊಟ್ಟಿದೆ. ಹಸ್ತಪ್ರತಿ ಕರೆದು, ಆಯ್ದು, ಹೊಸಬರ ಮೊದಲ ಕಥಾಸಂಕಲನಗಳನ್ನು ಅದು ವರ್ಷಗಳಿಂದ ಹೊರತರುತ್ತಿದೆ. ಪ್ರೇಮ ಕಾದಂಬರಿಗೂ ಇಂಥದೊಂದು ಮಾಲೆ ಕನ್ನಡಕ್ಕೆ ತುರ್ತಾಗಿ ಬೇಕು. ಸಾಯಿಸುತೆ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿಯವರ ಪುಸ್ತಕಗಳಿಂದ ಬೆಳೆದ ಸಂಸ್ಥೆಗಳು ತಮ್ಮ ಗಳಿಕೆಯ ಒಂದು ಪಾಲನ್ನು ವರ್ಷಕ್ಕೊಬ್ಬ ಹೊಸ ಲೇಖಕಿಗಾದರೂ ತೆಗೆದಿಡಬೇಕೆಂದು ಕೇಳುವುದು ಅತಿಯಾಸೆಯಲ್ಲ. ಹಸ್ತಪ್ರತಿಗೆ ಉತ್ತರವನ್ನೇ ಕೊಡದಿರುವ ರೂಢಿಯನ್ನು ಅವರು ಬಿಡಬೇಕು. ಬೇಡ ಎಂದಾದರೂ ಒಂದು ಸಾಲು ಬರೆಯಬೇಕು.

ಅಲ್ಲಿಯವರೆಗೆ ಬರೆಯುವವರು ಏನು ಮಾಡಬೇಕು? ಆ್ಯಪ್‌ನಲ್ಲಿ ಕೈ ಪಳಗಿಸಿಕೊಳ್ಳಲು ಅಡ್ಡಿಯಿಲ್ಲ, ಆದರೆ ಅತ್ಯುತ್ತಮವಾದ ಒಂದು ಕಥೆಯನ್ನು ಅಲ್ಲಿ ಏರಿಸದೆ ಇಟ್ಟುಕೊಳ್ಳಿ. ಅದನ್ನು ಎರಡು ಸಲ ತಿದ್ದಿ, ಮುಗಿಸಿದ ರೂಪದಲ್ಲಿ, ಒಂದು ಪುಟದ ಸಾರಾಂಶದೊಂದಿಗೆ ಪ್ರಕಾಶಕರಿಗೆ ಕಳಿಸಿ. ಆರು ತಿಂಗಳಲ್ಲಿ ಉತ್ತರ ಬರದಿದ್ದರೆ ಇನ್ನೊಬ್ಬರಿಗೆ ಕಳಿಸಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸಿದೆ, ಅದರ ಪ್ರಕಟಣೆ ಬಂದಾಗ ಅರ್ಜಿ ಹಾಕಿ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಸ್ವಂತ ಪ್ರಕಟಣೆಗೆ ಇಳಿದರೆ ಅದರಲ್ಲಿ ಅವಮಾನವೇನೂ ಇಲ್ಲ, ತಿರುಮಲಾಂಬಾ ನಡೆದ ದಾರಿ ಅದು. ಆದರೆ ಮೊದಲ ಬಾಗಿಲನ್ನೇ ತಟ್ಟದೆ ಅಲ್ಲಿಗೆ ಹೋಗಬೇಡಿ. ಕರಾರು ಬಂದ ದಿನ ಸಹಿ ಹಾಕುವ ಮೊದಲು ಅದರ ಪ್ರತಿ ಸಾಲನ್ನೂ ಓದಿ. ಅರ್ಥವಾಗದ್ದನ್ನು ಹಳಿಯಾಳದ ಕೋರ್ಟಿನಲ್ಲಿ ಯಾರಾದರೂ ವಕೀಲರಿಗೆ ತೋರಿಸಿ, ಆಮೇಲೆ ಸಹಿ ಹಾಕಿ.